ಘಟ್ಟದ ಮೇಲೂ ಕೆಳಗೂ ರಾಸ್ಪ್‌ಬೆರಿ ಪೈ 5

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ರಾಸ್ಪ್‌ಬೆರಿ ಪೈ 5 ಎಂದರೆ ಅಂಗೈಯಗಲದ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್; ಬರೀ ಆಟ ಆಡಲಿಕ್ಕೆ ಅದನ್ನು ತಗೊಳ್ಳಬೇಡಿ. ಪೈ, ಅಡಾಪ್ಟರ್, ಕೇಸ್, ಕಾರ್ಡ್ ಎಲ್ಲ ಸೇರಿಸಿ ಕೊಡುವ ದುಡ್ಡಿಗೆ ಇನ್ನೊಂದಿಷ್ಟು ಹಾಕಿದರೆ ಇಂಟೆಲ್ ಎನ್100 ಚಿಪ್ಪಿನ ಪುಟ್ಟ ಪಿಸಿ ಬರುತ್ತದೆ, ಇಲ್ಲವೇ ಹುಬ್ಬಳ್ಳಿ ಕಡೆ ಹುಡುಕಿದರೆ ಕಚೇರಿಯಿಂದ ಹೊರಬಿದ್ದ ಹಳೇ ಡೆಸ್ಕ್‌ಟಾಪ್ ಸಿಗುತ್ತದೆ. ಆಟದ ಮಟ್ಟಿಗೆ ಎರಡೂ ಪೈಗಿಂತ ಮುಂದೆ. ಆದರೆ ಮನೆಯಲ್ಲಿ ಒಬ್ಬರಿಗೆ ಹಳೇ ವಿಡಿಯೋ ಗೇಮ್ ಹುಚ್ಚು, ಒಬ್ಬರಿಗೆ ಕೋಡ್ ಬರೆಯುವ ಹುಚ್ಚು, ಇನ್ನೊಬ್ಬರಿಗೆ ಇವತ್ತು ಎಷ್ಟು ಮಳೆ ಹೊಯ್ದಿತು ಎಂದು ಅಳೆಯುವ ಹುಚ್ಚು ಇದ್ದರೆ, ಅಥವಾ ಮೂರೂ ಒಬ್ಬರಿಗೇ ಹತ್ತಿಕೊಂಡಿದ್ದರೆ, ಈ ಬೋರ್ಡಿನಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ.

ಪೈ 5ರ ವಿಮರ್ಶೆಗಳಿಗೇನೂ ಬರ ಇಲ್ಲ. ಬಹುಪಾಲು ಒಣ ಹವೆಯ, ಕರೆಂಟು ಹೋಗದ ಊರಿನಲ್ಲಿ ಕೂತು ಬರೆದವು. ಕಾರವಾರದ ಕೋಡಿಬಾಗದ ಮನೆಯ ಕಿಟಕಿಯಲ್ಲಿ ಉಪ್ಪು ಗಾಳಿ ಬರುತ್ತದೆ. ಶಿರಸಿ ಕಡೆ ಜುಲೈನಲ್ಲಿ ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ. ಇಲ್ಲಿ ಪೈ ಕೆಡುವುದು ಹೆಚ್ಚಾಗಿ ಕರೆಂಟು ಮತ್ತು ತೇವ ಎಂಬ ಎರಡೇ ಕಾರಣಕ್ಕೆ. ಹಾಗಾಗಿ ವೇಗದ ಲೆಕ್ಕಕ್ಕಿಂತ ಅವಕ್ಕೇ ಹೆಚ್ಚು ಜಾಗ.

ಬೋರ್ಡಿನ ಪರಿಚಯ ಚಿಕ್ಕದಾಗಿ. 2023ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದದ್ದು. ನಾಲ್ಕು ಕೋರಿನ ಕಾರ್ಟೆಕ್ಸ್ ಎ76, 2.4 ಗಿಗಾಹರ್ಟ್ಸ್. ಮೊದಲು ಬಂದದ್ದು 4 ಮತ್ತು 8 ಜಿಬಿ. 2024ರಲ್ಲಿ 2 ಜಿಬಿ, 2025ರ ಜನವರಿಯಲ್ಲಿ 16 ಜಿಬಿ ಸೇರಿದವು. ಬಂದಾಗಿನ ಬೆಲೆ 4 ಜಿಬಿಗೆ 60 ಡಾಲರ್, 8 ಜಿಬಿಗೆ 80. ಮೆಮೊರಿ ಚಿಪ್ಪು ತುಟ್ಟಿಯಾದ ಮೇಲೆ 2025ರ ಕೊನೆಯಲ್ಲಿ ಅದೂ ಏರಿತು. ಎರಡು ಮೈಕ್ರೊ ಎಚ್‌ಡಿಎಂಐ ಕಿಂಡಿ, ಎರಡು ಯುಎಸ್‌ಬಿ 3, ಎರಡು ಯುಎಸ್‌ಬಿ 2, ಸೆನ್ಸರ್ ಥರದವನ್ನು ಜೋಡಿಸಲು 40 ಪಿನ್ನಿನ ಸಾಲು (ಜಿಪಿಐಒ), ಮತ್ತು ಪೈ ಬೋರ್ಡುಗಳಲ್ಲಿ ಮೊದಲ ಬಾರಿಗೆ ಒಂದು ಪವರ್ ಬಟನ್. ಹಳೇ ಪೈಗಳಲ್ಲಿದ್ದ 3.5 ಮಿ.ಮೀ. ಇಯರ್‌ಫೋನ್ ಕಿಂಡಿ ಇದರಲ್ಲಿ ಇಲ್ಲ. ಟೀವಿಯಿಂದ ಧ್ವನಿ ಬಂದರೆ ಸರಿ. ಸ್ಪೀಕರ್ ಬೇರೆ ಇಟ್ಟವರು ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಬೇಕು.

ಕರೆಂಟಿನ ಕತೆ

ಪೈ 5 ಕೇಳುವುದು 5 ವೋಲ್ಟ್‌ನಲ್ಲಿ 5 ಆಂಪಿಯರ್. ಎಲ್ಲರೂ ಎಡವುವುದು ಇಲ್ಲೇ. ‘ನನ್ನ ಲ್ಯಾಪ್‌ಟಾಪಿನ ಚಾರ್ಜರ್ 65 ವ್ಯಾಟಿನದು, ಅದಕ್ಕಿಂತ ಬೇಕೇ?’ ಎಂಬ ಪ್ರಶ್ನೆ ಸಹಜ. ಆದರೆ ಆ 65 ವ್ಯಾಟ್ ಬರುವುದು 20 ವೋಲ್ಟ್‌ನಲ್ಲಿ. 5 ವೋಲ್ಟಿಗೆ ಇಳಿದರೆ ಅಂಥ ಚಾರ್ಜರ್ ಸಾಮಾನ್ಯವಾಗಿ ಕೊಡುವುದು 3 ಆಂಪಿಯರ್ ಮಾತ್ರ. ಪವರ್ ಬ್ಯಾಂಕುಗಳದೂ ಇದೇ ಕತೆ. 3 ಆಂಪಿಯರ್‌ನಲ್ಲೂ ಪೈ ಚಾಲೂ ಆಗುತ್ತದೆ, ಆದರೆ ನಾಲ್ಕೂ ಯುಎಸ್‌ಬಿ ಕಿಂಡಿ ಸೇರಿಸಿ 600 ಮಿಲಿಆಂಪಿಯರ್‌ಗೆ ಕಡಿವಾಣ ಹಾಕುತ್ತದೆ. 5 ಆಂಪಿಯರ್ ಸಿಕ್ಕರೆ ಅದು 1.6 ಆಂಪಿಯರ್. ಕೀಬೋರ್ಡ್, ಮೌಸ್, ಒಂದು ಜಾಯ್‌ಸ್ಟಿಕ್ಕಿಗೆ 600 ಸಾಕು. ಪೋರ್ಟಬಲ್ ಹಾರ್ಡ್ ಡಿಸ್ಕ್ ಹಾಕಿದರೆ ಅದು ಟಿಕ್ ಟಿಕ್ ಎಂದು ನಿಂತುಬಿಡುತ್ತದೆ, ಡಿಸ್ಕ್ ಕೆಟ್ಟಿತೆಂದು ಜನ ಹೌಹಾರುತ್ತಾರೆ. ಪೈಯ ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಕಡತದಲ್ಲಿ ಯುಎಸ್‌ಬಿ ಮ್ಯಾಕ್ಸ್ ಕರೆಂಟ್ ಎನೇಬಲ್ ಎಂಬ ಸಾಲಿಗೆ 1 ಎಂದು ಬರೆದು ಈ ಕಡಿವಾಣ ಬಿಚ್ಚಬಹುದು. ಅಡಾಪ್ಟರಿಗೆ ನಿಜವಾಗಿ ತಾಕತ್ತಿಲ್ಲದಿದ್ದರೆ ಆಗ ಬೋರ್ಡೇ ಕುಸಿದು ರೀಸ್ಟಾರ್ಟ್ ಆಗುತ್ತದೆ. ಪೈ ಕಂಪನಿಯದೇ 27 ವ್ಯಾಟಿನ ಅಡಾಪ್ಟರಿಗೆ ದುಡ್ಡು ಕೊಡುವುದು ವಾಸಿ. ಇಲ್ಲಿ ಉಳಿಸಲು ಹೋದದ್ದನ್ನೆಲ್ಲ ಮೆಮೊರಿ ಕಾರ್ಡಿನಲ್ಲಿ ಕಳೆಯುತ್ತೀರಿ.

ವೋಲ್ಟೇಜ್ ಬಿದ್ದಿತ್ತೇ ಎಂದು ಪೈಯನ್ನೇ ಕೇಳಬಹುದು. ಟರ್ಮಿನಲ್‌ನಲ್ಲಿ ಥ್ರಾಟಲ್ ಅಂದರೆ ವೇಗ ಕಡಿತದ ಸ್ಥಿತಿ ತೋರಿಸುವ ಆಜ್ಞೆ ಇದೆ. ಉತ್ತರ ಸೊನ್ನೆ ಬಂದರೆ ನೆಮ್ಮದಿ. 50000 ಬಂದರೆ, ಈಗ ಸರಿ ಇದೆ, ಆದರೆ ಚಾಲೂ ಆದಾಗಿನಿಂದ ಒಮ್ಮೆಯಾದರೂ ವೋಲ್ಟೇಜ್ ಇಳಿದು ವೇಗ ಕಡಿತವಾಗಿತ್ತು ಎಂದರ್ಥ. 50005 ಬಂದರೆ ಈ ಕ್ಷಣವೂ ಇಳಿದಿದೆ. ಆಟ ತಡವರಿಸಿದಾಗ ಆಟವನ್ನು ಬೈಯುವ ಮೊದಲು ಈ ಅಂಕಿ ನೋಡಿ. ಅಡಾಪ್ಟರ್ ಒಳ್ಳೆಯದಿದ್ದೂ 50000 ಬರುತ್ತಿದ್ದರೆ ತಪ್ಪು ಕೇಬಲಿನದು. ಉದ್ದದ, ತೆಳು ತಂತಿಯ ಕೇಬಲಿನಲ್ಲಿ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ.

ಇನ್ವರ್ಟರ್ ಇದ್ದವರು ಅದರ ಹಿಂದಿನ ಗುಂಡಿ ಒಮ್ಮೆ ನೋಡಲಿ. ಅನೇಕ ಇನ್ವರ್ಟರುಗಳಲ್ಲಿ ಯುಪಿಎಸ್ ಮತ್ತು ನಾರ್ಮಲ್ ಅಥವಾ ಇಕೊ ಎಂಬ ಎರಡು ಸ್ಥಿತಿ ಇರುತ್ತವೆ. ಯುಪಿಎಸ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ಚುರುಕು, ಆದರೆ ಒಪ್ಪುವ ವೋಲ್ಟೇಜಿನ ವ್ಯಾಪ್ತಿ ಕಿರಿದು. ಹಳ್ಳಿ ಮನೆಯ ಲೈನಿನಲ್ಲಿ ಸಂಜೆ ಎಲ್ಲರ ಪಂಪು ಹತ್ತಿದಾಗ ವೋಲ್ಟೇಜ್ 170ಕ್ಕೆ ಇಳಿದರೆ ಈ ಸ್ಥಿತಿಯ ಇನ್ವರ್ಟರ್ ಕರೆಂಟು ಇದ್ದೂ ಬ್ಯಾಟರಿಯನ್ನೇ ತಿನ್ನುತ್ತದೆ. ಅಂಥಲ್ಲಿ ನಾರ್ಮಲ್‌ನಲ್ಲಿ ಬಿಟ್ಟರೂ ಪೈಯ ಅಡಾಪ್ಟರ್ ತಡೆದುಕೊಳ್ಳುತ್ತದೆ, ಅದು 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುವಂಥದ್ದು. ಇನ್ನೊಂದು ಸಣ್ಣ ವಿಷಯ: ಶಟ್‌ಡೌನ್ ಮಾಡಿದ ಮೇಲೂ ಪೈ 5 ಒಂದೂವರೆ ವ್ಯಾಟಿನ ಹತ್ತಿರ ಕುಡಿಯುತ್ತಲೇ ಇರುತ್ತದೆ. ಬೂಟ್‌ಲೋಡರ್ ಸೆಟ್ಟಿಂಗಿನಲ್ಲಿ ಪವರ್ ಆಫ್ ಆನ್ ಹಾಲ್ಟ್ ಎಂಬುದನ್ನು 1 ಮಾಡಿದರೆ ಅದು ಲೆಕ್ಕಕ್ಕಿಲ್ಲದಷ್ಟು ಇಳಿಯುತ್ತದೆ.

ಪೂರ್ತಿ ಕರೆಂಟು ಹೋದಾಗ ಕೆಡುವುದು ಎಸ್‌ಡಿ ಕಾರ್ಡು. ಬರೆಯುತ್ತಿದ್ದ ಹೊತ್ತಿಗೆ ಕರೆಂಟು ಹೋದರೆ ಕಡತ ವ್ಯವಸ್ಥೆ ಅರ್ಧಕ್ಕೆ ನಿಲ್ಲುತ್ತದೆ, ಮುಂದಿನ ಸಲ ಬೂಟ್ ಆಗುವುದಿಲ್ಲ. ಇದಕ್ಕೆ ಎರಡು ಮದ್ದು. ಒಂದು, ಎಂ.2 ಹ್ಯಾಟ್ ಎಂಬ ಸೇರಿಕೆ ಬೋರ್ಡು ಹಾಕಿ ಎಸ್‌ಎಸ್‌ಡಿಗೆ ಹೋಗುವುದು. ಕೊಳ್ಳುವಾಗ ಉದ್ದ ನೋಡಿ: ಪೈ ಕಂಪನಿಯ ಹ್ಯಾಟಿಗೆ ಕೂರುವುದು 2230 ಮತ್ತು 2242 ಅಳತೆ, ಲ್ಯಾಪ್‌ಟಾಪಿನ ಮಾಮೂಲಿ 2280 ಹೊರಗೆ ಚಾಚುತ್ತದೆ. ಎರಡು, ರಾಸ್ಪಿ ಕಾನ್ಫಿಗ್ ಎಂಬ ಸೆಟ್ಟಿಂಗ್ ತಂತ್ರಾಂಶದಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡುವುದು. ಆಗ ಕಾರ್ಡಿಗೆ ಏನೂ ಬರೆಯುವುದಿಲ್ಲ, ಬದಲಾವಣೆ ಎಲ್ಲ ರ‍್ಯಾಮಿನಲ್ಲೇ ಉಳಿಯುತ್ತದೆ. ಕರೆಂಟು ಎಷ್ಟು ಸಲ ಹೋದರೂ ಕಾರ್ಡಿಗೆ ಅಪಾಯವಿಲ್ಲ. ಆದರೆ ಮರೆಯಬೇಡಿ, ರೀಸ್ಟಾರ್ಟ್ ಆದರೆ ಮಳೆಯ ಲೆಕ್ಕವೂ ಆಟದ ಸೇವ್‌ಗಳೂ ಮಾಯ. ಅವಕ್ಕೆ ಪ್ರತ್ಯೇಕ ಪೆನ್‌ಡ್ರೈವ್ ಕೊಡಿ. ಅಪ್‌ಡೇಟ್ ಹಾಕುವ ಮುನ್ನ ಓವರ್‌ಲೇ ತೆಗೆಯಬೇಕು, ಇಲ್ಲವಾದರೆ ಅರ್ಧ ಗಂಟೆ ಕಾದು ಹಾಕಿದ ಅಪ್‌ಡೇಟ್ ಬೆಳಗಾಗುವುದರೊಳಗೆ ಇರುವುದಿಲ್ಲ.

ಪೈ 5ರಲ್ಲಿ ಗಡಿಯಾರದ ಚಿಪ್ಪಿದೆ, ಆದರೆ ಅದರ ಬ್ಯಾಟರಿ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುವ ನಮ್ಮ ಮಳೆಗಾಲದಲ್ಲಿ ಇದು ಬೇಕೇ ಬೇಕು. ಬ್ಯಾಟರಿ ಇಲ್ಲದ ಪೈ, ನೆಟ್ ಬರುವವರೆಗೆ ತಾನು ಕೊನೆಗೆ ನೋಡಿದ ಹೊತ್ತನ್ನೇ ಈಗಿನ ಹೊತ್ತು ಎಂದುಕೊಳ್ಳುತ್ತದೆ. ರಾತ್ರಿಯ ಮಳೆ ಸಂಜೆಯ ಲೆಕ್ಕದಲ್ಲಿ ಕೂರುತ್ತದೆ. ಬೇಕಾದದ್ದು ರೀಚಾರ್ಜ್ ಆಗುವ ಎಂಎಲ್2020 ಜಾತಿಯ ಸೆಲ್. ಚಾರ್ಜಿಂಗ್ ಮೊದಲಿಗೆ ಆಫ್ ಇರುತ್ತದೆ, ಕಾನ್ಫಿಗ್ ಕಡತದಲ್ಲಿ 3 ವೋಲ್ಟ್ ಎಂದು ಕೊಟ್ಟು ಆನ್ ಮಾಡಬೇಕು. ರೇಡಿಯೊ ಅಂಗಡಿಯ ಸಿಆರ್2032 ಸೆಲ್ ಹಾಕಿ ಚಾರ್ಜಿಂಗ್ ಆನ್ ಮಾಡಿದರೆ ಅದು ಉಬ್ಬಿ ಒಡೆಯಬಹುದು. ಅದನ್ನು ಚಾರ್ಜ್ ಮಾಡುವಂತಿಲ್ಲ.

ಉಪ್ಪು, ತೇವ, ಇರುವೆ

ಅಡುಗೆಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ನೀರು ಬಿಡುವುದು ಎಲ್ಲರಿಗೂ ಗೊತ್ತು. ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದ ಸಮುದ್ರದ ಬದಿಯ ಮನೆಗಳಲ್ಲಿ ಬೋರ್ಡಿನ ಮೇಲೆ ಕೂತ ಉಪ್ಪಿನ ಧೂಳಿಗೂ ಅದೇ ಆಗುವುದು. ಬೇಸಿಗೆಯಲ್ಲಿ ಸುಮ್ಮನಿದ್ದದ್ದು ಜೂನ್ ಬಂದೊಡನೆ ಕರೆಂಟು ಹರಿಯುವ ದ್ರವವಾಗಿ ಪಿನ್ನುಗಳ ನಡುವೆ ಹಬ್ಬುತ್ತದೆ. ಮೊದಲು ಬಿಗಡಾಯಿಸುವುದು ಮೈಕ್ರೊ ಎಚ್‌ಡಿಎಂಐ ಕಿಂಡಿ ಮತ್ತು 40 ಪಿನ್ನಿನ ಸಾಲಿಗೆ ಚುಚ್ಚಿದ ಜಂಪರ್ ತಂತಿಗಳು. ಸೆನ್ಸರ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣೆ ಎಂದಾದರೆ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಬೇಡಿ. ತಂತಿ ಎಳೆದು, ಪಿನ್ನಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಮತ್ತೆ ಹಾಕಿ. ಕಾಯಂ ಇಡುವ ಸಂಪರ್ಕವಾದರೆ ಬೆಸುಗೆಯೇ ಸರಿ.

ಇಲ್ಲಿ ಒಂದು ಅಭಿಪ್ರಾಯ ಬೇರೆಯವರಿಗಿಂತ ಭಿನ್ನ. ಪೈ 5ಕ್ಕೆ ಎಲ್ಲರೂ ಫ್ಯಾನ್ ಇರುವ ಆಕ್ಟಿವ್ ಕೂಲರ್ ಹಾಕಿ ಎನ್ನುತ್ತಾರೆ. ಅದು ಕೆಟ್ಟದ್ದಲ್ಲ. 50 ಡಿಗ್ರಿಗೆ ನಿಧಾನವಾಗಿ ತಿರುಗಲು ಶುರುಮಾಡಿ 75ಕ್ಕೆ ಪೂರ್ತಿ ವೇಗಕ್ಕೆ ಹೋಗುತ್ತದೆ, ಸದ್ದೂ ಕಡಿಮೆ. ಏನೂ ಹಾಕದೆ ಬಿಟ್ಟರೆ ಚಿಪ್ಪು 80 ಡಿಗ್ರಿ ಮುಟ್ಟಿ ತನ್ನ ವೇಗ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಆದರೆ ಫ್ಯಾನ್ ಎಂದರೆ ಕೋಣೆಯ ಗಾಳಿಯನ್ನು ಬೋರ್ಡಿನ ಮೇಲೆ ಎಳೆಯುವ ಯಂತ್ರ, ಸಮುದ್ರದ ಬದಿಯಲ್ಲಿ ಆ ಗಾಳಿಯೊಡನೆ ಉಪ್ಪೂ ಬರುತ್ತದೆ. ಘಟ್ಟದ ಕೆಳಗೆ ಇರುವವರಿಗೆ ಮೈಯೆಲ್ಲ ಹೀಟ್‌ಸಿಂಕ್ ಆಗಿರುವ, ಫ್ಯಾನ್ ಇಲ್ಲದ ಅಲ್ಯೂಮಿನಿಯಂ ಕೇಸೇ ಸೂಕ್ತ. ಅಂಥ ಕೇಸ್ ವೈಫೈಯನ್ನು ಸ್ವಲ್ಪ ಕುಗ್ಗಿಸುತ್ತದೆ, ಅದಕ್ಕೆ ಲ್ಯಾನ್ ಕೇಬಲ್ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಧಾರಾಳವಾಗಿ ಫ್ಯಾನ್ ಹಾಕಲಿ. ಅಲ್ಲಿ ಉಪ್ಪಿಲ್ಲ, ಬರೀ ತೇವ.

ತೇವಕ್ಕೆ ಸುಲಭದ ಮದ್ದು ಪೈಯನ್ನು ಆಫ್ ಮಾಡದೇ ಇರುವುದು. ಚಾಲೂ ಇರುವ ಬೋರ್ಡು ಕೋಣೆಗಿಂತ ಬೆಚ್ಚಗಿರುತ್ತದೆ, ಬೆಚ್ಚಗಿರುವ ಮೇಲ್ಮೈಗೆ ಬೆವರು ಕಟ್ಟುವುದಿಲ್ಲ. ಏನೂ ಮಾಡದೆ ಕೂತಾಗ ಅದು ತಿನ್ನುವುದು ಸುಮಾರು 3 ವ್ಯಾಟ್, ತಿಂಗಳಿಗೆ ಎರಡು ಯುನಿಟ್ ಚಿಲ್ಲರೆ. ಮೇ ತಿಂಗಳಲ್ಲಿ ಆಫ್ ಮಾಡಿ ಮೆತ್ತಿನ ಮೇಲೆ ಇಟ್ಟು ದೀಪಾವಳಿಗೆ ತೆಗೆಯುವ ಬೋರ್ಡೇ ಹೆಚ್ಚಾಗಿ ಕೈಕೊಡುವುದು. ಎತ್ತಿಡಲೇಬೇಕಾದರೆ ಗಾಳಿಯಾಡದ ಡಬ್ಬಿ, ಜೊತೆಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ್ದು ಹಸಿರಿಗೆ ತಿರುಗಿದಾಗ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒವನ್ನಿನಲ್ಲಿ ಕಾಯಿಸಿದರೆ ಮತ್ತೆ ಬಳಸಬಹುದು. ಬೆಚ್ಚಗಿನ ಪೆಟ್ಟಿಗೆಗೆ ಇರುವೆಯೂ ಹಲ್ಲಿಯೂ ಬರುತ್ತವೆ ಎಂಬುದು ಚಾಲೂ ಇಡುವುದರ ದಂಡ. ಕೇಸಿನ ಕಿಂಡಿಗಳಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದರೆ ಆಯಿತು.

ಸಿಡಿಲಿನ ವಿಷಯ ಒಂದೇ ಮಾತು. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಂಜೆ ಗುಡುಗು ಕೇಳಿದೊಡನೆ ಪ್ಲಗ್ ಮಾತ್ರವಲ್ಲ, ಹೊರಗಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಸೆನ್ಸರ್ ತಂತಿಯನ್ನೂ ಕೀಳಿ.

ಆಟ

ಹಳೇ ಆಟಗಳಿಗೆ, ಹಳೇ ಗೇಮ್ ಯಂತ್ರಗಳನ್ನು ಅನುಕರಿಸುವ ಬಟೊಸೆರಾ ಅಥವಾ ರೀಕಾಲ್‌ಬಾಕ್ಸ್ ತಂತ್ರಾಂಶ ಹಾಕಿ, ಎರಡೂ ಪೈ 5ಕ್ಕೆ ಸಿಗುತ್ತವೆ. 8 ಬಿಟ್, 16 ಬಿಟ್ ಕಾಲದ ಆಟ, ಮೊದಲ ಪ್ಲೇಸ್ಟೇಷನ್, ಡ್ರೀಮ್‌ಕಾಸ್ಟ್, ಹೆಚ್ಚಿನ ಪಿಎಸ್‌ಪಿ ಆಟಗಳು ನೀರಿನಂತೆ ಓಡುತ್ತವೆ. ಗೇಮ್‌ಕ್ಯೂಬ್ ಆಟವನ್ನು ಅವಲಂಬಿಸಿ ಕುಂಟುತ್ತದೆ. ಪ್ಲೇಸ್ಟೇಷನ್ 2 ಆಸೆ ಬಿಡಿ. ಸ್ಟೀಮ್‌ನಲ್ಲಿ ಕೊಂಡ ಪಿಸಿ ಆಟಗಳು ಇಂಟೆಲ್-ಎಎಂಡಿ ಚಿಪ್ಪಿಗೆ ಬರೆದವು, ಪೈ ಆರ್ಮ್ ಜಾತಿಯದು. ನಡುವೆ ಅನುವಾದ ಮಾಡುವ ಬಾಕ್ಸ್64 ಇದೆ, ಅದು ಪ್ರಯೋಗ ಇಷ್ಟಪಡುವವರಿಗೆ ಮಾತ್ರ.

ಜಾತ್ರೆ ಪೇಟೆಯಲ್ಲಿ ‘9999 ಇನ್ 1’ ಕ್ಯಾಸೆಟ್ ಕೊಂಡು ಬೆಳೆದವರಿಗೆ ಒಂದು ಅಚ್ಚರಿ ಕಾದಿರುತ್ತದೆ: ಅದೇ ಆಟ ಇಲ್ಲಿ ತುಸು ಚುರುಕು, ಸಂಗೀತವೂ ಬೇರೆ ಓಟ ಅನ್ನಿಸಬಹುದು. ನಮ್ಮ ಹಳೇ ಟೀವಿಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಚಿತ್ರ. ಜಪಾನ್, ಅಮೆರಿಕದ ಆಟಗಳು 60ಕ್ಕೆ ಲೆಕ್ಕ ಹಾಕಿ ಬರೆದವು. 50ರ ಯಂತ್ರದಲ್ಲಿ ಅವು ಆರರಲ್ಲಿ ಒಂದು ಪಾಲು ನಿಧಾನ. ಮೂಲ ವೇಗ ಯಾವುದು ಎಂದು ಜಗಳ ಆಡುವವರಿಗೆ ಇಷ್ಟು ಸಾಕು. ಪೈಯಲ್ಲಿ ಟೀವಿಗೆ 60 ಹರ್ಟ್ಸ್ ಕಳುಹಿಸುವಂತೆ ಇಟ್ಟುಕೊಳ್ಳಿ, ಇಲ್ಲವಾದರೆ ಉದ್ದಕ್ಕೆ ಸರಿಯುವ ದೃಶ್ಯ ಗುದ್ದಿದಂತೆ ಕಾಣುತ್ತದೆ. ಗುಂಡಿ ಒತ್ತಿದ ಮೇಲೆ ತಡವಾಗಿ ಹಾರಿದರೆ ಟೀವಿಯ ಗೇಮ್ ಮೋಡ್ ಹುಡುಕಿ. ಚಿತ್ರವನ್ನು ಚಂದ ಮಾಡಲು ಟೀವಿ ತಿನ್ನುವ ಹೊತ್ತೇ ಆ ತಡ.

ಕ್ಯಾಸೆಟ್ಟಿನಿಂದ ತೆಗೆದ ಆಟದ ರಾಮ್ (ಆರ್‌ಒಎಂ) ಕಡತಗಳನ್ನು ಸಾವಿರಗಟ್ಟಲೆ ತುಂಬಿ ಮಾರುವ ಕಾರ್ಡುಗಳ ತಂಟೆಗೆ ಹೋಗಬೇಡಿ. ಕೃತಿಸ್ವಾಮ್ಯದ ಮಾತು ಒಂದು ಕಡೆ, ಆ ಕಾರ್ಡುಗಳೂ ಅಗ್ಗದವು, ಒಂದು ಮಳೆಗಾಲ ದಾಟುವುದಿಲ್ಲ. ನ್ಯಾಯವಾಗಿ ಸಿಗುವುದೇ ಸಾಕಷ್ಟಿದೆ: ಸೂಪರ್‌ಟಕ್ಸ್‌ಕಾರ್ಟ್ ಓಟದ ಆಟ, ಲೂಆಂಟಿ ಎಂಬ ಇಟ್ಟಿಗೆ ಜೋಡಿಸುವ ಆಟ, 1997ರಲ್ಲಿ ಮೂಲ ಕೋಡ್ ಬಿಡುಗಡೆಯಾದ ಡೂಮ್‌ನ ಎಂಜಿನ್ ಮೇಲೆ ಓಡುವ ಫ್ರೀಡೂಮ್.

ಇನ್ನೊಂದು ಕೊರತೆ. ಪೈ 5ರಲ್ಲಿ ಎಚ್‌.264 ವಿಡಿಯೋ ಬಿಚ್ಚುವ ಯಂತ್ರಾಂಶವನ್ನು ತೆಗೆದುಹಾಕಿದ್ದಾರೆ, ಉಳಿದದ್ದು ಎಚ್‌ಇವಿಸಿ ಎಂಬ ಇನ್ನೊಂದು ಬಗೆಯ ವಿಡಿಯೋದ್ದು ಮಾತ್ರ. ಯೂಟ್ಯೂಬ್ 1080ರಲ್ಲಿ ಪ್ರೊಸೆಸರಿನ ಬಲದಿಂದಲೇ ನಡೆಯುತ್ತದೆ, 4ಕೆ ಆಗದು. ಟೀವಿ ಪೆಟ್ಟಿಗೆಯ ಬದಲಿಗೆ ಇದನ್ನು ಇಡುವ ಯೋಚನೆ ಇದ್ದರೆ ಕೈಬಿಡಿ.

ಬರೆಯುವವರಿಗೆ

ಆಡುವುದರಿಂದ ಕೋಡ್ ಬರೆಯುವುದಕ್ಕೆ ದಾಟಲು ಟಿಐಸಿ-80 ಎಂಬ, ಪುಟ್ಟ ಆಟ ಕಟ್ಟುವ ತಂತ್ರಾಂಶ ಒಳ್ಳೆಯ ದಾರಿ. ಉಚಿತ, 240 ಅಗಲ 136 ಎತ್ತರದ ಪರದೆ, 16 ಬಣ್ಣ, ಭಾಷೆ ಲುವಾ. ಚಿತ್ರ, ಸಂಗೀತ, ಕೋಡ್ ಎಲ್ಲ ಒಂದೇ ಕಿಟಕಿಯಲ್ಲಿ. ಕಾಳಿ ನದಿಯಲ್ಲಿ ಬಂಡೆ ತಪ್ಪಿಸಿ ದೋಣಿ ನಡೆಸುವ ಆಟವನ್ನು ಹೈಸ್ಕೂಲ್ ಹುಡುಗಿಯೊಬ್ಬಳು ಎರಡು ರಜಾ ದಿನದಲ್ಲಿ ಮುಗಿಸಬಹುದು. ಅದರ ಒಡಹುಟ್ಟಿನಂಥ ಪಿಕೊ-8ಕ್ಕೆ ದುಡ್ಡು ಕೊಡಬೇಕು; ಪರದೆ ಇನ್ನೂ ಚಿಕ್ಕದು, 128ಕ್ಕೆ 128. ಆದರೆ ಬೇರೆಯವರ ಆಟ ತೆರೆದು ಅದರ ಕೋಡ್ ಓದುವ ಸುಖ ಅದರಲ್ಲಿ ಹೆಚ್ಚು. ಎರಡರಲ್ಲೂ ಕನ್ನಡ ಅಕ್ಷರ ಇಲ್ಲ, ಬೇಕಾದ ಪದಗಳನ್ನು ಚಿತ್ರವಾಗಿಯೇ ಬಿಡಿಸಿಕೊಳ್ಳಬೇಕು.

ಪೈಥಾನ್‌ನಲ್ಲಿ ಕನ್ನಡ ಸಲೀಸು. ‘ಮಳೆ’ ಎಂಬ ಹೆಸರಿನ ವೇರಿಯಬಲ್ ಇಟ್ಟು ಅದಕ್ಕೆ ಸೊನ್ನೆ ತುಂಬಿದರೆ ಪೈಥಾನ್ 3 ತಕರಾರಿಲ್ಲದೆ ಒಪ್ಪುತ್ತದೆ. ಸಿಕ್ಕಿಬೀಳುವುದು ‘ಸೆನ್ಸರ್‌ಗಳು’ ಥರದ ಪದದಲ್ಲಿ. ಒತ್ತಕ್ಷರ ಆಗದಂತೆ ನಡುವೆ ನಾವು ಒತ್ತುವ ಕಣ್ಣಿಗೆ ಕಾಣದ ಅಕ್ಷರವೊಂದಿದೆಯಲ್ಲ, ಅದನ್ನು ಹೆಸರಿನೊಳಗೆ ಪೈಥಾನ್ ಬಿಡುವುದಿಲ್ಲ. ಉದ್ಧರಣ ಚಿಹ್ನೆಯೊಳಗಿನ ಪಠ್ಯದಲ್ಲಿ ಮಾತ್ರ ಏನೂ ತೊಂದರೆ ಇಲ್ಲ. ಆಟ ಬರೆಯುವ ಪೈಥಾನ್ ಲೈಬ್ರರಿ ಪೈಗೇಮ್‌ನಲ್ಲಿ ಪರದೆಗೆ ಕನ್ನಡ ಬರೆಸಲು ಹೋದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುವುದು ಸಾಮಾನ್ಯ, ಅಕ್ಷರ ಜೋಡಿಸುವ ಕೆಲಸ ಅದು ತಾನಾಗಿ ಮಾಡುವುದಿಲ್ಲ. ಕನ್ನಡ ತುಂಬ ಇರುವ ಆಟವಾದರೆ ಗೊಡಾಟ್ 4 ಎಂಬ ಆಟ ಕಟ್ಟುವ ಎಂಜಿನ್ನಿಗೆ ಹೋಗಿ, ಅದರಲ್ಲಿ ಜೋಡಣೆ ಸರಿಯಾಗಿದೆ. ಪೈಯಲ್ಲಿ ಅದರ ಕಂಪ್ಯಾಟಿಬಿಲಿಟಿ ರೆಂಡರರ್ ಆರಿಸಿಕೊಂಡರೆ ಹಗುರ. ಕನ್ನಡ ಬದಲು ಚೌಕಗಳು ಕಂಡರೆ ಫಾಂಟ್ ಇಲ್ಲ ಎಂದರ್ಥ. ಗುಬ್ಬಿ, ನವಿಲು, ಲೋಹಿತ್ ಮೂರೂ ಪೈಯ ಲಿನಕ್ಸಿನ ಬುಡವಾದ ಡೆಬಿಯನ್ ಭಂಡಾರದಲ್ಲೇ ಇವೆ.

ಹಳೇ ಪುಸ್ತಕ, ಹಳೇ ವಿಡಿಯೋ ನೋಡಿ ಕಲಿಯುವವರಿಗೆ ಎರಡು ಕಡೆ ಕೈಕೊಡುತ್ತದೆ. ಆರ್‌ಪಿಐ ಜಿಪಿಐಒ ಎಂಬ ಹಳೇ ಲೈಬ್ರರಿ ಪೈ 5ರಲ್ಲಿ ಕೆಲಸ ಮಾಡುವುದಿಲ್ಲ. ಪಿನ್ನುಗಳನ್ನು ಈಗ ಆರ್‌ಪಿ1 ಎಂಬ ಬೇರೆಯೇ ಚಿಪ್ಪು ನೋಡಿಕೊಳ್ಳುತ್ತದೆ, ಹಳೇ ಲೈಬ್ರರಿ ನೇರ ಪ್ರೊಸೆಸರಿನ ಬಾಗಿಲು ತಟ್ಟುತ್ತದೆ. ಜಿಪಿಐಒ ಝೀರೊ ಬಳಸಿ. ಎರಡನೆಯದು, ಪೈಥಾನ್ ಲೈಬ್ರರಿ ಹಾಕುವ ಪಿಪ್ ಮೂಲಕ ಏನಾದರೂ ಹಾಕಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ತಡೆಯುತ್ತದೆ. ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಪ್ರತ್ಯೇಕ ಜಾಗ ಮಾಡಿಕೊಳ್ಳಬೇಕು. ಮಾಡುವಾಗ ಸಿಸ್ಟಮ್ ಸೈಟ್ ಪ್ಯಾಕೇಜಸ್ ಎಂಬ ಆಯ್ಕೆ ಕೊಡದಿದ್ದರೆ ಅದರೊಳಗೆ ಜಿಪಿಐಒ ಝೀರೊ ಕಾಣಿಸುವುದಿಲ್ಲ.

ಮಳೆ ಅಳೆಯುವವರಿಗೆ

ಕಾರವಾರಕ್ಕೆ ವರ್ಷಕ್ಕೆ ಬೀಳುವುದು ಮೂರು ಸಾವಿರ ಮಿ.ಮೀ. ಆಸುಪಾಸಿನ ಮಳೆ. ಇಷ್ಟು ಮಳೆ ಇರುವಲ್ಲಿ ಪೈ ಇಟ್ಟುಕೊಂಡು ಬರೀ ಆಟ ಆಡುವುದು ನಷ್ಟವೇ.

ಸುಲಭದ ಅಳತೆಗೋಲು ಟಿಪ್ಪಿಂಗ್ ಬಕೆಟ್. ಆಲಿಕೆಯಿಂದ ಇಳಿದ ನೀರು ಏತದಂತೆ ತೂಗುವ ಎರಡು ಪುಟ್ಟ ಬಟ್ಟಲಿಗೆ ಬೀಳುತ್ತದೆ. ಒಂದು ತುಂಬಿದಾಗ ಮಗುಚಿ ಇನ್ನೊಂದು ಮೇಲೆ ಬರುತ್ತದೆ, ಪ್ರತಿ ಮಗುಚುವಿಕೆಗೂ ಆಯಸ್ಕಾಂತವೊಂದು ರೀಡ್ ಸ್ವಿಚ್ಚನ್ನು ಮುಚ್ಚಿ ತೆರೆಯುತ್ತದೆ. ತಂತಿ ಎರಡೇ: ಒಂದು ಗ್ರೌಂಡಿಗೆ, ಒಂದು ಜಿಪಿಐಒ ಪಿನ್ನಿಗೆ. ಜಿಪಿಐಒ ಝೀರೊದಲ್ಲಿ ಅದನ್ನು ಬಟನ್ ಎಂದೇ ಘೋಷಿಸಿ ಎಣಿಸಬಹುದು. ಸ್ವಿಚ್ಚಿನ ಎಲೆ ನಡುಗಿ ಒಂದನ್ನು ಎರಡಾಗಿ ಎಣಿಸದಂತೆ 50 ಮಿಲಿಸೆಕೆಂಡಿನ ತಡೆ ಕೊಡಿ. ಗಂಟೆಗೆ 120 ಮಿ.ಮೀ. ಹೊಯ್ದರೂ ಎರಡು ಮಗುಚುವಿಕೆಯ ನಡುವೆ ಎಂಟು ಸೆಕೆಂಡು ಇರುತ್ತದೆ, ಆ ತಡೆಯಿಂದ ಏನೂ ತಪ್ಪಿಹೋಗದು.

ಹವ್ಯಾಸಿಗಳ ಕೈಗೆ ಸಿಗುವ ಒಂದು ಸಾಮಾನ್ಯ ಮಾದರಿಯಲ್ಲಿ ಒಂದು ಮಗುಚುವಿಕೆಗೆ 0.2794 ಮಿ.ಮೀ. ಬೇರೆ ಮಾದರಿಗೆ ಬೇರೆ, ಹಾಗಾಗಿ ಅಳೆದೇ ನಂಬಬೇಕು. ಆಲಿಕೆಯ ಬಾಯಿಯ ವಿಸ್ತೀರ್ಣ ಚದರ ಸೆಂ.ಮೀ.ನಲ್ಲಿ ತೆಗೆಯಿರಿ. ಹತ್ತರಿಂದ ಭಾಗಿಸಿದರೆ 1 ಮಿ.ಮೀ. ಮಳೆಗೆ ಎಷ್ಟು ಮಿ.ಲೀ. ಎಂದು ಬರುತ್ತದೆ. 11ಕ್ಕೆ 5 ಸೆಂ.ಮೀ. ಬಾಯಿಯಾದರೆ 55 ಚದರ ಸೆಂ.ಮೀ., ಅಂದರೆ ಮಿ.ಮೀ.ಗೆ 5.5 ಮಿ.ಲೀ. ಸಿರಿಂಜಿನಿಂದ ಅಳೆದ 100 ಮಿ.ಲೀ. ನೀರನ್ನು ತಳಕ್ಕೆ ತೂತು ಮಾಡಿದ ಬಾಟಲಿಯಿಂದ ಅರ್ಧ ಗಂಟೆ ತೊಟ್ಟಿಕ್ಕಿಸಿ. 65 ಸಲ ಮಗುಚಬೇಕು. 60 ಬಂದರೆ ಪ್ರತಿ ಮಗುಚುವಿಕೆಯನ್ನು 0.303 ಎಂದು ಹಿಡಿಯಿರಿ, ಅಥವಾ ಬಟ್ಟಲಿನ ಕೆಳಗೆ ತಿರುಪು ಇದ್ದರೆ ಅದನ್ನು ತಿರುಗಿಸಿ. ಸರಕ್ಕನೆ ಸುರಿದರೆ ಲೆಕ್ಕ ಕಡಿಮೆ ಬರುತ್ತದೆ. ಬಟ್ಟಲು ಮಗುಚಿ ಮುಗಿಯುವ ಅಷ್ಟೇ ಹೊತ್ತಿನಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಜಡಿಮಳೆಯಲ್ಲೂ ಇದೇ ಆಗುವುದರಿಂದ ನಮ್ಮ ಕಡೆ ಈ ಯಂತ್ರ ತೋರಿಸುವುದು ನಿಜಕ್ಕಿಂತ ಕಡಿಮೆಯೇ. ಪಕ್ಕದಲ್ಲಿ ನೇರ ಗೋಡೆಯ ಒಂದು ಡಬ್ಬಿ ಇಟ್ಟು ದಿನಕ್ಕೊಮ್ಮೆ ಸ್ಕೇಲ್ ಹಿಡಿದು ನೋಡಿದರೆ ಎಷ್ಟು ಕಡಿಮೆ ಎಂಬ ಅಂದಾಜು ಸಿಗುತ್ತದೆ.

ಜಾಗ ಹುಡುಕುವುದೇ ಕಷ್ಟದ ಕೆಲಸ. ಪಕ್ಕದ ಮರದ, ಗೋಡೆಯ ಎತ್ತರದ ಎರಡರಷ್ಟಾದರೂ ದೂರ ಇರಬೇಕು. ಅಡಿಕೆ ತೋಟದೊಳಗೆ ಇಟ್ಟರೆ ನೀವು ಅಳೆಯುತ್ತಿರುವುದು ಸೋಗೆಯಿಂದ ಸುರಿಯುವ ನೀರು. ಅಡಿಕೆ ಒಣಗಿಸುವ ಅಂಗಳ ಇದ್ದರೆ ಅದರ ನಡು ಒಳ್ಳೆಯದು, ಮಳೆಗಾಲದಲ್ಲಿ ಹೇಗೂ ಖಾಲಿ. ಆಲಿಕೆಗೆ ಜಾಲರಿ ಹಾಕಿ. ವಾರಕ್ಕೊಮ್ಮೆ ಎಲೆ, ಪಾಚಿ, ಜೇಡನ ಬಲೆ ತೆಗೆಯಿರಿ. ನಾಲ್ಕು ದಿನ ಸೊನ್ನೆ ಮಳೆ ತೋರಿಸಿದರೆ ಮಳೆ ನಿಂತಿದೆ ಎಂದು ತಿಳಿಯುವ ಮೊದಲು ಬಟ್ಟಲಿನಡಿ ಇರುವೆ ಗೂಡು ನೋಡಿ.

ಪತ್ರಿಕೆಯ ಅಂಕಿಗೂ ನಿಮ್ಮದಕ್ಕೂ ತಾಳೆಯಾಗದಿದ್ದರೆ ಕಾರಣ ಇನ್ನೊಂದಿದೆ. ಹವಾಮಾನ ಇಲಾಖೆಯ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ. ಪ್ರೋಗ್ರಾಮಿನಲ್ಲಿ ಮಧ್ಯರಾತ್ರಿಯ ಬದಲು ಆ ಹೊತ್ತಿಗೆ ಲೆಕ್ಕ ಮುಚ್ಚಿ. ಆಗ ಇಲಾಖೆಯ ಭಾಷೆಯಲ್ಲೇ ಮಾತಾಡಬಹುದು: 64.5 ಮಿ.ಮೀ.ನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಆ ಕೊನೆಯದು ಅಂದರೆ ನಿಮ್ಮ ಬಟ್ಟಲು ಒಂದು ದಿನದಲ್ಲಿ 732 ಸಲ ಮಗುಚಿದೆ.

ಗಾಳಿಯ ಒತ್ತಡಕ್ಕೆ, ತೇವಕ್ಕೆ ಬಿಎಂಇ280 ಸೆನ್ಸರ್. ನಾಲ್ಕು ತಂತಿ, 3.3 ವೋಲ್ಟ್. ಪೈಗೆ ಅಂಟಿಸಿ ಇಡಬೇಡಿ. ಬೋರ್ಡಿನ ಬಿಸಿಗೆ ಉಷ್ಣಾಂಶ ನಾಲ್ಕೈದು ಡಿಗ್ರಿ ಹೆಚ್ಚು, ಆರ್ದ್ರತೆ ನಿಜಕ್ಕಿಂತ ತುಂಬ ಕಡಿಮೆ ತೋರಿಸಿ ‘ಶಿರಸಿ ಒಣ ಊರು’ ಎಂದು ಸಾಧಿಸುತ್ತದೆ. ಅರ್ಧ ಮೀಟರ್ ತಂತಿ ಎಳೆದು ನೆರಳಲ್ಲಿ, ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಒಂದರ ಮೇಲೊಂದು ಸಂದು ಬಿಟ್ಟು ಜೋಡಿಸಿದ ಗೂಡಿನಲ್ಲಿಡಿ. ಬೋರ್ಡಿಗೆ ವಾರ್ನಿಷ್ ಬಳಿಯುವವರು ಸೆನ್ಸರಿನ ಸೂಜಿಮೊನೆಯ ತೂತು ಮುಚ್ಚಬಾರದು. ಮಂಜು ಹಿಡಿದು ವಾರಗಟ್ಟಲೆ ಶೇ. 100 ಎಂದೇ ಕೂತರೆ ಒಳಗೆ ತಂದು ಒಣಗಿಸಿ, ಸರಿಹೋಗುತ್ತದೆ.

ಒತ್ತಡದ ಅಂಕಿ ಮೊದಲ ದಿನ ಗಾಬರಿ ಹುಟ್ಟಿಸುತ್ತದೆ. ಕಾರವಾರದಲ್ಲಿ 1008 ಹೆಕ್ಟೊಪಾಸ್ಕಲ್ ಇರುವಾಗ ಶಿರಸಿಯಲ್ಲಿ 942ರ ಸುತ್ತ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ನೂರು ಮೀಟರಿಗೆ ಸುಮಾರು ಹನ್ನೊಂದರಷ್ಟು ಇಳಿಯುತ್ತದೆ. ಚಂಡಮಾರುತ ಬಂತೆಂದು ಹೆದರಬೇಕಾಗಿಲ್ಲ. ಎರಡು ದಿನದ ಗೆರೆ ಎಳೆದು ನೋಡಿದರೆ ಚಂದದ ಸಂಗತಿ ಕಾಣುತ್ತದೆ: ಬೆಳಿಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಏರಿರುತ್ತದೆ, ಬೆಳಗಿನ ಜಾವ ನಾಲ್ಕರ ಸುಮಾರಿಗೂ ಸಂಜೆ ನಾಲ್ಕರ ಸುಮಾರಿಗೂ ಇಳಿದಿರುತ್ತದೆ. ಸಮುದ್ರಕ್ಕಿರುವಂತೆ ಗಾಳಿಗೂ ಉಬ್ಬರವಿಳಿತ ಉಂಟು, ಅದನ್ನು ಎಬ್ಬಿಸುವುದು ಬಹುಮಟ್ಟಿಗೆ ಸೂರ್ಯನ ಬಿಸಿಲು. ಕಾರವಾರದ ಬೈತಖೋಲದಲ್ಲಿ ನೀರು ಏರಿಳಿಯುವುದನ್ನು ನೋಡಿ ಬೆಳೆದವರಿಗೂ ಇದು ಹೊಸತು. ಆ ನಿತ್ಯದ ಅಲೆ ಬಿಟ್ಟು ಗೆರೆ ದಿನವಿಡೀ ಇಳಿಯುತ್ತಲೇ ಹೋದರೆ ಮಾತ್ರ ಸಮುದ್ರದಲ್ಲಿ ಏನೋ ಕೂತಿದೆ ಎಂದು ಲೆಕ್ಕ. 2022ರ ಜನವರಿ 15ರಂದು ಟೊಂಗಾದ ಜ್ವಾಲಾಮುಖಿ ಸಿಡಿದಾಗ ಎದ್ದ ಒತ್ತಡದ ಅಲೆಯನ್ನು ಪ್ರಪಂಚದ ಮೂಲೆಮೂಲೆಯ ಇಂಥ ಪುಟ್ಟ ಸೆನ್ಸರುಗಳೂ ಹಿಡಿದಿದ್ದವು.

ಯಾವುದು ಕೊಳ್ಳಬೇಕು

ಮಳೆ ಅಳೆಯುವುದಷ್ಟೇ ಕೆಲಸವಾದರೆ ಪೈ 5 ಬೇಡ, ಪೈ ಪಿಕೊ ಡಬ್ಲ್ಯೂ ಎಂಬ ವೈಫೈ ಇರುವ ಪುಟ್ಟ ಬೋರ್ಡು ಸಾಕು. ಬಂದಾಗ ಅದರ ಬೆಲೆ 6 ಡಾಲರ್. ಬ್ಯಾಟರಿಯಲ್ಲೂ ನಡೆಯುತ್ತದೆ, ಸಿಡಿಲಿಗೆ ಹೋದರೂ ಹೊಟ್ಟೆ ಉರಿಯುವುದಿಲ್ಲ. ಪೈ 5 ಕೊಳ್ಳುವವರಿಗೆ 4 ಜಿಬಿಯೇ ಸರಿಯಾದ ಮಟ್ಟ. 8 ಬೇಕಾಗುವುದು ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆಯುವವರಿಗೆ. 16 ಜಿಬಿ ಈ ಕೆಲಸಗಳಿಗೆ ದಂಡ. ಕರಾವಳಿಯ ಮನೆಗೆ, ಅದೂ ಮಕ್ಕಳಿದ್ದರೆ, ಪೈ 500 ಎಂಬ ಕೀಬೋರ್ಡಿನೊಳಗಿನ ಪೈ ನೋಡಿ. 2024ರ ಡಿಸೆಂಬರಿನಲ್ಲಿ ಬಂದದ್ದು. ಅದೇ ಪ್ರೊಸೆಸರ್, 8 ಜಿಬಿ, ಒಳಗೆ ದೊಡ್ಡ ಹೀಟ್‌ಸಿಂಕ್, ಫ್ಯಾನ್ ಇಲ್ಲ, ಹಿಂಬದಿಯಲ್ಲಿ 40 ಪಿನ್ನೂ ಉಂಟು. ಉಪ್ಪು ಗಾಳಿಗೆಂದೇ ಮಾಡಿದಂತಿದೆ. ಕ್ಯಾಮೆರಾ ಕಿಂಡಿ ಮಾತ್ರ ಇಲ್ಲ.

ಸೆನ್ಸರ್ ಕೊಳ್ಳುವಾಗ ಒಂದು ಮೋಸ ತಿಳಿದಿರಲಿ. ಬಿಎಂಇ280 ಎಂದು ಮಾರಿದ್ದರಲ್ಲಿ ಎಷ್ಟೋ ಸಲ ಅದರಂತೆಯೇ ಕಾಣುವ, ಆರ್ದ್ರತೆ ಅಳೆಯದ ಬಿಎಂಪಿ280 ಬಂದಿರುತ್ತದೆ. ಕಣ್ಣಿಗೆ ಸುಲಭಕ್ಕೆ ಗೊತ್ತಾಗದು. ಸೆನ್ಸರಿನೊಡನೆ ಮಾತಾಡುವ ಐ2ಸಿ ತಂತ್ರಾಂಶದಿಂದ ಚಿಪ್ಪಿನ ಗುರುತಿನ ಸಂಖ್ಯೆ ಓದಿಸಿ: 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ಪೊಟ್ಟಣ ಬಿಚ್ಚಿದ ದಿನವೇ ನೋಡಿಬಿಡಿ. ವಾಪಸು ಕಳಿಸಲು ಕೊಡುವ ಏಳು ದಿನದಲ್ಲಿ ನಾಲ್ಕು ದಿನ ಪೊಟ್ಟಣ ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟ ಹತ್ತಿಳಿಯುವುದಕ್ಕೇ ಹೋಗುತ್ತದೆ.